ಕೆರೆಬಿಳಚಿ ಸಲೂನಿಗೆ ಏಡ್ಸ್ ಸುದ್ದಿ ಬಂದಾಗ

ಬಾಯಿ ಮುಚ್ಚಿಕೊಂಡು ಕ್ಷೌರ ಮಾಡುವುದು ರೇವಣ್ಣನಿಂದ ಆಗುತ್ತಿರಲಿಲ್ಲ. ಹುಟ್ಟಿದ್ದು ನ್ಯಾಮತಿಯಲ್ಲಿ, ಕಸುಬು ಕಲಿತದ್ದು ಹೊನ್ನಾಳಿಯಲ್ಲಿದ್ದ ಸೋದರಮಾವನ ಅಂಗಡಿಯಲ್ಲಿ. ಮಾವ ಮಾತು ಕಡಿಮೆಯ ಮನುಷ್ಯ. ಅಳಿಯನ ಕೈ ಹದಕ್ಕೆ ಬಂದಿದೆ ಎಂದು ಖಾತ್ರಿಯಾದ ದಿನ ಅವನನ್ನು ಎದುರಿಗೆ ಕೂರಿಸಿಕೊಂಡು, "ನಿನ್ ಕೈ ಬಂಗಾರದಂಗೈತೆ. ಬಾಯಿ ಕೇಳಿ ನನ್ ಗಿರಾಕಿಗಳು ಓಡಿಹೋಗ್ತಾರೆ. ಬೇರೆ ಊರು ನೋಡ್ಕ" ಎಂದು, ತಾನು ಬಳಸುತ್ತಿದ್ದ ಜರ್ಮನ್ ಕತ್ತಿಯನ್ನೇ ಕೈಗಿಟ್ಟು ಕಳಿಸಿಬಿಟ್ಟ.

ಹಾಗೆ ಎಪ್ಪತ್ನಾಲ್ಕರಲ್ಲಿ ರೇವಣ್ಣ ಕೆರೆಬಿಳಚಿಗೆ ಬಂದ. ಬಸ್ಸು ನಿಲ್ಲುವ ಜಾಗದ ಎದುರಿಗೆ ಒಂದು ಮಳಿಗೆ ಹಿಡಿದು, ಗೋಡೆಗೆ ಎರಡು ಕನ್ನಡಿ ಹೊಡೆಸಿ, ತಿರುಗುವ ಮರದ ಕುರ್ಚಿಯೊಂದನ್ನು ಹಾಕಿದ. ಹೊನ್ನಾಳಿಯವರಿಗೆ ಬೇಡವಾಗಿದ್ದ ಬಾಯಿ ಇಲ್ಲಿಯವರಿಗೆ ಬೇಕಾಯಿತು. ಸೂಳೆಕೆರೆಯ ತೂಬು ಯಾವಾಗ ಎತ್ತುತ್ತಾರೆ, ಅಡಿಕೆ ಫಸಲಿನ ಗುತ್ತಿಗೆಯಾದ ಚೇಣಿ ಯಾರು ಹಿಡಿದರು, ಉಬ್ರಾಣಿಯಿಂದ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ಸುಮ್ಮನೆ ಎದ್ದು ಹೋದದ್ದೇಕೆ, ಎಲ್ಲವೂ ಅವನ ಕುರ್ಚಿಯ ಸುತ್ತ ಬಂದು ಬೀಳುತ್ತಿತ್ತು. ಬಿದ್ದದ್ದು ಅಲ್ಲಿಯೇ ಉಳಿಯುತ್ತಿರಲಿಲ್ಲ. ಒಮ್ಮೆ ಅಡಿಕೆ ತೋಟದ ವಿರೂಪಾಕ್ಷಪ್ಪನವರು ಬೀಗರ ಊರಿಗೆ ಹೊರಡುವ ಮುಂಚೆ ಗುಟ್ಟಾಗಿ ಮೀಸೆಗೆ ಕಪ್ಪು ಹಚ್ಚಿಸಿಕೊಂಡು ಹೋದರು. ಅವರು ಬೀಗರ ಮನೆ ಮುಟ್ಟುವ ಹೊತ್ತಿಗೆ ಸುದ್ದಿ ಮುಂಚಿನ ಬಸ್ಸಿನಲ್ಲಿ ಹೋಗಿ ಕೂತಿತ್ತು. ಬೀಗಿತ್ತಿ ಕಾಲಿಗೆ ನೀರು ಕೊಡುತ್ತಲೇ ಮೀಸೆ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕರಂತೆ. ವಿರೂಪಾಕ್ಷಪ್ಪನವರು ಬಹಳ ದಿನ ಚನ್ನಗಿರಿಗೆ ಹೋಗಿ ಕ್ಷೌರ ಮಾಡಿಸಿಕೊಂಡರು. ಆಮೇಲೆ ಅಲ್ಲಿ ಸುದ್ದಿ ಸಿಗುವುದಿಲ್ಲವೆಂದು ಮತ್ತೆ ರೇವಣ್ಣನ ಕುರ್ಚಿಗೇ ಬಂದರು.

"ನಿಮ್ ಹೊಟ್ಟೇಲಿ ಒಂದು ಮಾತಾದ್ರೂ ಒಂದು ರಾತ್ರಿ ಮಲಗಿದ್ದು ಐತಾ?" ಎಂದು ಹೆಂಡತಿ ರುದ್ರಾಣಿ ಕೇಳುತ್ತಿದ್ದಳು. ರೇವಣ್ಣ ಯೋಚಿಸಿ, "ಇಲ್ಲ ಅನ್ಸುತ್ತೆ" ಎಂದು ಪ್ರಾಮಾಣಿಕವಾಗಿ ಹೇಳುತ್ತಿದ್ದ.

ಎಂಬತ್ತೆಂಟರ ಮುಂಗಾರಿನಲ್ಲಿ ಅವನ ಅಂಗಡಿಗೆ ಬಂದ ಸುದ್ದಿ ಮಾತ್ರ ಅಲ್ಲಿಯ ತನಕ ಬಂದ ಸುದ್ದಿಗಳಂತಿರಲಿಲ್ಲ.

ಅಂದು ಸೋನೆ ಹಿಡಿದಿತ್ತು. ಊರಿನ ವಾಲಿಬಾಲ್ ಹುಡುಗರು ಆಟವಿಲ್ಲದೆ ಸಲೂನಿನ ಬೆಂಚಿನ ಮೇಲೆ ಒಬ್ಬರ ಮೇಲೊಬ್ಬರು ಒರಗಿ ಕೂತಿದ್ದರು. ತಂಡದ ಕ್ಯಾಪ್ಟನ್ ಚಿತ್ತಪ್ಪ, ಇಪ್ಪತ್ತೆರಡರ ಎತ್ತರದ ಹುಡುಗ, ಚನ್ನಗಿರಿಯಲ್ಲಿ ಪಿ.ಯು.ಸಿ. ತನಕ ಓದಿದವನಾದ್ದರಿಂದ ಪೇಪರನ್ನು ಗಟ್ಟಿಯಾಗಿ ಓದುವ ಕೆಲಸ ಅವನದು. ಒಳಪುಟದ ಮೂಲೆಯಲ್ಲಿ ಏಡ್ಸ್ ಎಂಬ ರೋಗದ ಬಗ್ಗೆ ಒಂದು ಬರಹವಿತ್ತು. ಔಷಧಿಯಿಲ್ಲ, ಬಂದವರು ಸೊರಗಿ ಸಾಯುತ್ತಾರೆ, ಭಾರತಕ್ಕೂ ಕಾಲಿಟ್ಟಿದೆ ಎಂದು ಬರೆದಿದ್ದರು.

"ಇದು ಫಾರಿನ್ನೋರ ರೋಗ" ಎಂದ ಒಬ್ಬ. "ಮುಂಬೈ, ಮದ್ರಾಸಿಗೆ ಬಂದೈತಂತೆ" ಎಂದ ಇನ್ನೊಬ್ಬ. ಸಿನಿಮಾದವರಿಗೆ ಜಾಸ್ತಿ ಎಂದು ಒಬ್ಬ ಹೇಳಿದರೆ, ಸೊಳ್ಳೆ ಕಚ್ಚಿದರೂ ಬರುತ್ತದೆ ಎಂದು ಮತ್ತೊಬ್ಬ ಸೇರಿಸಿದ.

ಚಿತ್ತಪ್ಪ ಎಲ್ಲರನ್ನೂ ಕೈಯೆತ್ತಿ ಸುಮ್ಮನಾಗಿಸಿದ. "ನಮ್ಮಂಥೋರಿಗೆ ಯಾಕ್ರಪ್ಪ ಬರ್ತೈತೆ? ದಿನಾ ರಾಗಿಮುದ್ದೆ ತಿಂತೀವಿ, ವಾಲಿಬಾಲ್ ಆಡ್ತೀವಿ. ಈ ರೋಗ ಬರೋರ ಮುಖ ನೋಡಿದ್ರೇ ಗೊತ್ತಾಗುತ್ತೆ."

ಹಾಗೆಂದವನು ಬರಹದ ಕೊನೆಯ ಸಾಲುಗಳನ್ನು ಓದಿದ. ಶುದ್ಧ ಮಾಡದ ಸೂಜಿ ಮತ್ತು ಕ್ಷೌರದ ಕತ್ತಿಗಳಿಂದಲೂ ಹರಡಬಹುದು ಎಂದು ಅಲ್ಲಿತ್ತು.

ಬೆಂಚಿನ ಮೇಲಿದ್ದ ಕಣ್ಣುಗಳೆಲ್ಲ ರೇವಣ್ಣನ ಕೈ ಕಡೆ ತಿರುಗಿದವು. ಅವನು ಆಗಷ್ಟೇ ಒಬ್ಬರ ಗಡ್ಡ ಮುಗಿಸಿ, ಜರ್ಮನ್ ಕತ್ತಿಯನ್ನು ಚರ್ಮದ ಪಟ್ಟಿಗೆ ತಿಕ್ಕುತ್ತ, "ಮುಂದಿನೋರು ಬರ್ರಪ್ಪ" ಎಂದಿದ್ದ. ಯಾರೂ ಬರಲಿಲ್ಲ. ಒಬ್ಬನಿಗೆ ಎಮ್ಮೆ ನೆನಪಾಯಿತು, ಒಬ್ಬನಿಗೆ ಅವ್ವ ಕರೆದಂತಾಯಿತು. ಚಿತ್ತಪ್ಪ ಪೇಪರು ಮಡಚಿಟ್ಟು, "ಮಳೆ ನಿಂತಂಗಾಯ್ತು ಅಣ್ಣ" ಎಂದು ಸುರಿಯುವ ಮಳೆಯಲ್ಲೇ ಇಳಿದು ಹೋದ.

ಒಂದು ವಾರ ಕಳೆಯುವಷ್ಟರಲ್ಲಿ ಊರಿನ ಹುಡುಗರ ಮುಖಗಳ ಮೇಲೆ ಕುರುಚಲು ಎದ್ದಿತು. ಹೊಸಬರು ಯಾರಾದರೂ ಬಂದು ನೋಡಿದ್ದರೆ ಇಡೀ ವಾಲಿಬಾಲ್ ತಂಡ ಸನ್ಯಾಸ ತೆಗೆದುಕೊಂಡಿದೆ ಎಂದುಕೊಳ್ಳಬೇಕಿತ್ತು. ಪೇಪರು ಓದದ ಮುದುಕರಷ್ಟೇ ಅಂಗಡಿಗೆ ಬರುತ್ತಿದ್ದರು. ಅವರು ಕುರ್ಚಿಯಲ್ಲಿ ಕೂತೊಡನೆ ನಿದ್ದೆ ಹೋಗುತ್ತಿದ್ದುದರಿಂದ ರೇವಣ್ಣನಿಗೆ ಮಾತನಾಡಲು ಜನವಿಲ್ಲದಂತಾಯಿತು.

ಆ ದಿನಗಳಲ್ಲೇ ಅಮೀರ್‌ಜಾನ್ ಊರಿಗೆ ಬಂದ. ಅವನು ಲಾರಿ ಡ್ರೈವರ್. ಚನ್ನಗಿರಿಯ ಮಂಡಿಯಿಂದ ಅಡಿಕೆ ತುಂಬಿಕೊಂಡು ನಾಗಪುರ, ಇಂದೋರ್ ಎಂದು ಹೋಗಿಬರುವವನು. ಪ್ರತಿ ಸಲ ಊರಿಗೆ ಬಂದಾಗ ಮೊದಲು ರೇವಣ್ಣನ ಕುರ್ಚಿಗೆ, ಆಮೇಲೆ ಮನೆಗೆ. "ಈ ಮುಖ ತಗಂಡು ಹೋದ್ರೆ ನಮ್ಮಮ್ಮ ಬಾಗಿಲು ತೆಗೆಯಲ್ಲ" ಎಂಬುದು ಅವನ ಮಾತು. ಅವನು ತರುವ ದೂರದೂರುಗಳ ಸುದ್ದಿಯೆಂದರೆ ರೇವಣ್ಣನಿಗೆ ಹಬ್ಬ.

ಆದರೆ ಈ ಸಲ ಬಂದ ಅಮೀರ್‌ಜಾನ್ ಅರ್ಧ ಆಗಿದ್ದ. ಕೆನ್ನೆ ಒಳಗೆ ಹೋಗಿತ್ತು, ಅಂಗಿ ಗೂಟಕ್ಕೆ ತೂಗುಹಾಕಿದಂತೆ ಮೈಮೇಲೆ ಜೋಲುತ್ತಿತ್ತು. ಎದುರಿನ ಹೋಟೆಲಿನ ಕಟ್ಟೆಯ ಮೇಲಿಂದ ಹುಡುಗರು ನೋಡುತ್ತಿದ್ದರು. ಒಬ್ಬ ಇನ್ನೊಬ್ಬನ ಕಿವಿಯಲ್ಲಿ ಏನೋ ಅಂದ.

ಅಮೀರ್‌ಜಾನ್ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ಗಲ್ಲ ಎತ್ತಿದ. "ಹಾಕಣ್ಣ ಸೋಪು."

ರೇವಣ್ಣ ಬಟ್ಟೆ ಹೊದಿಸಿದ. ಬ್ರಷ್ಷನ್ನು ಬಟ್ಟಲಿನಲ್ಲಿ ತಿರುಗಿಸುತ್ತಲೇ ನಿಂತ. ಬುರುಗು ಬಟ್ಟಲು ತುಂಬಿ ಕೈಮೇಲೆ ಇಳಿಯಿತು. ಅವನ ಕಣ್ಣಿಗೆ ಪೇಪರಿನ ಸಾಲು, ಎದುರಿಗಿದ್ದ ಹುಡುಗರು, ಮನೆಯಲ್ಲಿದ್ದ ರುದ್ರಾಣಿ ಎಲ್ಲ ಒಟ್ಟಿಗೆ ಬಂದಂತಾಯಿತು. "ಅಮೀರಣ್ಣ, ಕತ್ತಿ ಸಾಣೆಗೆ ಕಳ್ಸೀನಿ. ನಾಳೆ ಬಾ" ಎಂದುಬಿಟ್ಟ.

ಅಮೀರ್‌ಜಾನ್ ಕಣ್ಣು ತೆರೆದ. ಕತ್ತಿ ಕನ್ನಡಿಯ ಪಕ್ಕದ ಮೊಳೆಗೆ ತೂಗುತ್ತಿತ್ತು. ಅದನ್ನು ನೋಡಿದ, ಕನ್ನಡಿಯೊಳಗಿನ ರೇವಣ್ಣನನ್ನು ನೋಡಿದ, ಹೊರಗಿದ್ದ ಹುಡುಗರನ್ನೂ ನೋಡಿದ. ಬಟ್ಟೆಯನ್ನು ತಾನೇ ಬಿಚ್ಚಿ ನೀಟಾಗಿ ಮಡಚಿ ಕುರ್ಚಿಯ ತೋಳಿನ ಮೇಲಿಟ್ಟ. "ಆಗ್ಲಿ ಬಿಡಣ್ಣ. ಸಾಣೆ ಚೆನ್ನಾಗಿ ಹಿಡಿಸು" ಎಂದು ಎದ್ದು ಹೋದ.

ಮಧ್ಯಾಹ್ನ ಊಟಕ್ಕೆ ಕೂತಾಗ ರೇವಣ್ಣ ಅದನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದೆ ಹೆಂಡತಿಗೆ ಹೇಳಿದ. ರುದ್ರಾಣಿ ಸಾರಿನ ಸೌಟು ಕೆಳಗಿಟ್ಟಳು.

"ಹುಡುಗ್ರು ನಿಮ್ಮ ಕತ್ತಿ ಕಂಡು ಓಡಿಹೋದ್ರು ಅಂತ ವಾರದಿಂದ ಅತ್ತಿದ್ದೇ ಅತ್ತಿದ್ದು. ಈಗ ನೀವೇ ಅವನ ಮುಖ ಕಂಡು ಓಡಿದ್ರಲ್ಲ. ನಿಮಗೂ ಅವ್ರಿಗೂ ಏನ್ ಫರಕು?"

"ಹೆದರಿಕೆ ಆತು ಕಣೇ."

"ಆಗುತ್ತೆ. ಗೊತ್ತಿರೋರನ್ನ ಕೇಳ್ರಿ. ಇಡೀ ಊರಿನ ಜತೆ ಮಾತಾಡ್ತೀರಿ, ಆಸ್ಪತ್ರೆ ಸಿಸ್ಟರ್ ಜತೆ ಎರಡು ಮಾತಾಡಾಕೆ ಏನು ಕಷ್ಟ?"

ಸಿಸ್ಟರ್ ಎಂದರೆ ಶಾಂತಾದೇವಿ. ಊರಿನ ಉಪಕೇಂದ್ರದ ನರ್ಸು. ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿ ಕೂಸುಗಳಿಗೆ ಚುಚ್ಚುಮದ್ದು ಹಾಕುವವರು, ಕುಟುಂಬ ಯೋಜನೆಯ ಮಾತು ಆಡಿಯೂ ಮನೆಯವರ ಹತ್ತಿರ ಕಾಫಿ ಕುಡಿದು ಬರುವಷ್ಟು ಮಾತಿನ ಜಾಣ್ಮೆಯವರು. ರೇವಣ್ಣ ಹೋದಾಗ ಅವರು ಸ್ಟೌ ಮೇಲೆ ಸಿರಿಂಜು, ಸೂಜಿಗಳನ್ನು ಕುದಿಸುತ್ತಿದ್ದರು. ಅವನು ಬಾಗಿಲಲ್ಲೇ ನಿಂತು ಪೇಪರಿನಿಂದ ಹಿಡಿದು ಅಮೀರ್‌ಜಾನನ ಕೆನ್ನೆಯ ತನಕ ಒಂದೇ ಉಸಿರಿಗೆ ಹೇಳಿ ಮುಗಿಸಿದ.

"ಕುಂದ್ರಿ ರೇವಣ್ಣ" ಎಂದರು ಸಿಸ್ಟರ್. "ನಾನೂ ಭಾರಿ ತಿಳ್ಕಂಡೋಳೇನಲ್ಲ. ಶಿವಮೊಗ್ಗದಾಗೆ ಒಂದಿನ ಮೀಟಿಂಗ್ ಮಾಡಿ ನಮಗೆಲ್ಲ ಹೇಳಿದ್ರು. ಅಷ್ಟು ಹೇಳ್ತೀನಿ. ಮುಟ್ಟಿದ್ರೆ ಬರಲ್ಲ. ಒಂದೇ ಲೋಟದಾಗೆ ಟೀ ಕುಡಿದ್ರೆ ಬರಲ್ಲ. ಸೊಳ್ಳೆ ಕಚ್ಚಿದ್ರೂ ಬರಲ್ಲ."

"ಮತ್ತೆ ನನ್ನ ಕತ್ತಿ?"

"ರಕ್ತ ರಕ್ತಕ್ಕೆ ಸೇರಿದ್ರೆ ಬರಬಹುದು. ಕತ್ತಿಯಿಂದ ಬರೋದು ಕಡಿಮೆ, ಆದ್ರೂ ಹುಷಾರಾಗಿರೋದು ಒಳ್ಳೇದಲ್ವಾ? ಪ್ಯಾಟ್ಯಾಗೆ ಅರ್ಧ ಬ್ಲೇಡ್ ಹಾಕೋ ಹಿಡಿ ಬಂದೈತೆ. ಒಬ್ಬೊಬ್ರಿಗೂ ಹೊಸ ತುಂಡು ಹಾಕ್ರಿ, ಮುಗಿದ ಮೇಲೆ ಅವ್ರ ಎದುರಿಗೇ ಡಬ್ಬಕ್ಕೆ ಹಾಕ್ರಿ. ಬೇರೆ ಕಾಯ್ಲೆಗಳಿಗೂ ಅದೇ ಒಳ್ಳೇದು."

ರೇವಣ್ಣನಿಗೆ ಎದೆ ಹಗುರಾಯಿತು. ಎದ್ದು ನಿಂತವನನ್ನು ಸಿಸ್ಟರ್ ಕೈಸನ್ನೆ ಮಾಡಿ ಮತ್ತೆ ಕೂರಿಸಿದರು.

"ನಿಮ್ ಹುಡುಗ್ರು ಕತ್ತಿಗೆ ಹೆದರ್ತಾರೆ. ಹೆದರಬೇಕಾದ್ದು ಬೇರೆ ಐತೆ. ಬಹಳ ಮಟ್ಟಿಗೆ ಇದು ಬರೋದು ಗಂಡು ಹೆಣ್ಣು ಕೂಡೋದ್ರಿಂದ. ಅದನ್ನ ಪೇಪರ್ನೋರು ಸುತ್ತಿ ಬಳಸಿ ಬರೀತಾರೆ, ನಿಮ್ ಹುಡುಗ್ರು ಆ ಸಾಲು ಬಿಟ್ಟು ಓದ್ತಾರೆ. ಇನ್ನೊಂದು ಮಾತು. ಈ ರೋಗದ ಬೀಜ ಒಳಗಿದ್ರೂ ಎಷ್ಟೋ ವರ್ಷ ಮನುಷ್ಯ ದುಂಡುದುಂಡಗೆ ಇರಬಹುದು. ಸಣ್ಣಗಾದೋರಿಗೆಲ್ಲ ಇದೇ ಅಂತಾನೂ ಅಲ್ಲ, ಚೆಂದಾಗಿರೋರಿಗೆ ಇಲ್ಲ ಅಂತಾನೂ ಅಲ್ಲ."

"ಹಂಗಾದ್ರೆ ಗೊತ್ತಾಗೋದು ಹೆಂಗೆ ಸಿಸ್ಟರಮ್ಮ?"

"ಮುಖ ನೋಡಿದ್ರೆ ಗೊತ್ತಾಗಲ್ಲ. ಅದೇ ಕಷ್ಟ."

ಮರುದಿನವೇ ರೇವಣ್ಣ ಚನ್ನಗಿರಿಗೆ ಹೋಗಿ ಅರ್ಧ ಬ್ಲೇಡಿನ ಹಿಡಿಯೊಂದನ್ನು ತಂದ. ಮಾವನ ಕತ್ತಿಗೆ ಎಣ್ಣೆ ಸವರಿ ಪೆಟ್ಟಿಗೆಗೆ ಸೇರಿಸಿದ. ಹಾಗೆ ಸೇರಿಸುವಾಗ ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದ. ಆಮೇಲೆ ಬಟ್ಟಲು, ಬ್ರಷ್ಷು, ಪಟಿಕದ ಕಲ್ಲು ಎಲ್ಲ ಚೀಲಕ್ಕೆ ತುಂಬಿಕೊಂಡು ಅಮೀರ್‌ಜಾನನ ಮನೆಗೆ ನಡೆದ. ಅಂಗಡಿಯಿಂದ ಆ ಮನೆಗೆ ಹತ್ತಿರದ ದಾರಿಯೊಂದಿತ್ತು. ಅವನು ಬೇಕೆಂದೇ ವಾಲಿಬಾಲ್ ಮೈದಾನದ ಪಕ್ಕದ ದಾರಿ ಹಿಡಿದ.

ಅಮೀರ್‌ಜಾನನ ತಾಯಿ ಅಖ್ತರ್‌ಬೀ ಅಂಗಳದಲ್ಲಿ ಹೊರಸಿನ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಚೀಲ ನೋಡಿದರು. "ಬಂದೆಯಾ? ನನ್ ಮಗನ ಗಡ್ಡ ನೋಡಿದ್ರೆ ಮೌಲ್ವಿ ಆಗ್ತಾನೇನೋ ಅನ್ಕಂಡಿದ್ದೆ" ಎಂದರು. ಆ ಮಾತಿನಲ್ಲಿ ಸಿಟ್ಟೂ ಇತ್ತು, ನಗುವೂ ಇತ್ತು.

ಅಮೀರ್‌ಜಾನ್ ಹೊರಗೆ ಬಂದು ಕೈಕಟ್ಟಿ ನಿಂತ. "ಸಾಣೆ ಆಯ್ತಾ?"

"ಆ ಕತ್ತಿಗೆ ಏನೂ ಆಗಿರಲಿಲ್ಲ. ಹೆದರಿದ್ದೆ, ಸುಳ್ಳು ಹೇಳಿದೆ. ಕೂತ್ಕ."

ಅಮೀರ್‌ಜಾನ್ ಅವನನ್ನು ಅಷ್ಟು ಸುಲಭಕ್ಕೆ ಬಿಡಲಿಲ್ಲ. "ನಾನು ಡ್ರೈವರು ಅಣ್ಣ. ಹತ್ತು ಊರಿನ ನೀರು ಕುಡಿದೋನು. ಯೋಚ್ನೆ ಮಾಡು." ರೇವಣ್ಣ ಅವನ ಭುಜ ಒತ್ತಿ ಸ್ಟೂಲಿನ ಮೇಲೆ ಕೂರಿಸಿದ. ಬೇಲಿಯಾಚೆ ಆಗಲೇ ನಾಲ್ಕಾರು ತಲೆ ಕಾಣುತ್ತಿದ್ದವು. ಹೊಸ ಬ್ಲೇಡನ್ನು ಬೇಲಿಯವರಿಗೂ ಕಾಣುವಂತೆ ಎತ್ತಿ ಮುರಿದು ಹಿಡಿಗೆ ಹಾಕಿದ, ಹೊನ್ನಾಳಿಯಲ್ಲಿ ಕಲಿತದ್ದನ್ನೆಲ್ಲ ಆ ಒಂದು ಗಡ್ಡಕ್ಕೆ ಸುರಿದ. ಕುರುಚಲು ಹೋದ ಹಾಗೆ ಬಡಕಲು ಮುಖದಲ್ಲೂ ಹಳೆಯ ಅಮೀರ್‌ಜಾನ್ ಕಾಣಿಸತೊಡಗಿದ.

"ನಾಗಪುರದಾಗೆ ಕಾಮಾಲೆ ಹಿಡೀತು" ಎಂದ ಅವನು ತಾನಾಗಿಯೇ. "ಅಲ್ಲೇ ಆಸ್ಪತ್ರೆಯಾಗೆ ಬಿದ್ದಿದ್ದೆ. ಕಣ್ಣು ಅರಿಶಿನ ಆಗಿತ್ತು. ಬರೀ ಮಜ್ಜಿಗೆ, ಅನ್ನ. ಊರಿಗೆ ಬಂದ್ರೆ ಯಾರೂ ಏನಾಗಿತ್ತು ಅಂತ ಕೇಳಲಿಲ್ಲ. ಏನಾಗೈತೆ ಅಂತ ಅವರೇ ಹೇಳಾಕೆ ಶುರು ಮಾಡಿದ್ರು."

ಅಖ್ತರ್‌ಬೀ ಟೀ ತಂದರು. ಅಮೀರ್‌ಜಾನ್ ತನ್ನ ಲೋಟದಿಂದ ಒಂದು ಗುಟುಕು ಕುಡಿದು, ಕಣ್ಣು ಮಿಟುಕಿಸಿ, ಅದನ್ನೇ ರೇವಣ್ಣನ ಮುಂದೆ ಹಿಡಿದ. ರೇವಣ್ಣ ಒಂದು ಕ್ಷಣವೂ ತಡೆಯದೆ ತೆಗೆದುಕೊಂಡು ಕುಡಿದ. ಟೀ ಬಾಯಿ ಸುಡುವಷ್ಟು ಬಿಸಿಯಿತ್ತು. ಕಣ್ಣಲ್ಲಿ ನೀರು ಬಂತು. ಬೇಲಿಯಾಚೆಯವರು ಅದನ್ನು ನೋಡಿ ಏನು ಅರ್ಥ ಮಾಡಿಕೊಂಡರೋ, ಅಂಗಳದಲ್ಲಿದ್ದ ಮೂವರೂ ನಗುತ್ತ ಕೂತರು.

ಕಾಮಾಲೆಯ ವಿಷಯ, ಹೊಸ ಬ್ಲೇಡಿನ ವಿಷಯ ಊರಿಗೆಲ್ಲ ಹರಡಲು ರೇವಣ್ಣನಿಗೆ ಒಂದು ಬೆಳಗು ಸಾಕಾಯಿತು. ಹುಡುಗರು ಒಬ್ಬೊಬ್ಬರಾಗಿ ಬಂದರು. ಕಾಡಿನಂತಾಗಿದ್ದ ಗಡ್ಡಗಳು ಇಳಿದವು. ಬ್ಲೇಡು ಮುರಿಯುವ ಚಟಕ್ಕೆಂಬ ಸದ್ದು ಕೇಳಿಸಿದರೆ ಸಾಕು, ಕೂತವರ ಮುಖದಲ್ಲಿ ನೆಮ್ಮದಿ.

"ಇನ್ನು ಏಡ್ಸ್ ಹತ್ರ ಸುಳಿಯಲ್ಲ ಬಿಡಣ್ಣ" ಎಂದ ಚಿತ್ತಪ್ಪ ಕೆನ್ನೆ ಸವರಿಕೊಳ್ಳುತ್ತ. ರೇವಣ್ಣನಿಗೆ ಸಿಸ್ಟರ್ ಹೇಳಿದ ಇನ್ನೊಂದು ಮಾತು ನೆನಪಾಯಿತು. ಹೇಳಲು ಬಾಯಿ ತೆರೆದ. ಎದುರಿಗೆ ವಿರೂಪಾಕ್ಷಪ್ಪನವರು ಕೂತಿದ್ದರು. ಇಷ್ಟೆಲ್ಲ ಮಾತಾಡುವ ಬಾಯಿಗೆ ಆ ಒಂದು ಮಾತು ಆಡಲು ನಾಚಿಕೆಯಾಯಿತು.

ದಸರೆಯ ಹೊತ್ತಿಗೆ ಜಗಳೂರಿನಲ್ಲಿ ವಾಲಿಬಾಲ್ ಪಂದ್ಯಾಟವಿತ್ತು. ಕೆರೆಬಿಳಚಿಯ ತಂಡ ಗೆದ್ದು ಬಂತು. ಬಸ್ಸಿನಿಂದ ಇಳಿದ ಹುಡುಗರು ಕಪ್ಪನ್ನು ಮೊದಲು ತಂದಿಟ್ಟದ್ದು ಸಲೂನಿನ ಕನ್ನಡಿಯ ಮುಂದೆ. ಎಲ್ಲರೂ ಕುಣಿದರು. ಮರುದಿನ ಬಂದಿಳಿದ ಚಿತ್ತಪ್ಪನೂ ಕುಣಿದ. ಆದರೆ ಕೆಲವು ದಿನಗಳ ಮೇಲೆ, ಮಧ್ಯಾಹ್ನ ಊರೆಲ್ಲ ಉಂಡು ಮಲಗುವ ಹೊತ್ತಿನಲ್ಲಿ ಅವನೊಬ್ಬನೇ ಬಂದು ಬೆಂಚಿನ ಮೇಲೆ ಕೂತ. ಗಡ್ಡ ಬೆಳೆದಿರಲಿಲ್ಲ, ಕೂದಲು ಬೆಳೆದಿರಲಿಲ್ಲ.

"ಅಣ್ಣ, ಜಗಳೂರಿನಾಗೆ ಒಂದು ಅಂಗಡ್ಯಾಗೆ ಶೇವಿಂಗ್ ಮಾಡಿಸಿದ್ದೆ. ಹಳೇ ಬ್ಲೇಡು. ಸ್ವಲ್ಪ ಗಾಯಾನೂ ಆತು." ಅವನ ಧ್ವನಿ ಇಳಿದಿತ್ತು. "ನಂಗೆ ಏಡ್ಸ್ ಬಂದೈತೆ ಅನ್ಸುತ್ತೆ."

"ಯಾಕೆ ಹಂಗನ್ಸುತ್ತೆ?"

ಚಿತ್ತಪ್ಪ ಬಾಗಿಲಾಚೆ ಯಾರೂ ಇಲ್ಲವೆಂದು ಬಗ್ಗಿ ನೋಡಿದ. "ಹುಣ್ಣಾಗೈತೆ. ಹೇಳಬಾರದ ಜಾಗದಾಗೆ."

ರೇವಣ್ಣ ಅಂಗಡಿಯ ಹಲಗೆಯೊಂದನ್ನು ಅಡ್ಡಹಾಕಿ ಬಂದು ಅವನ ಪಕ್ಕದಲ್ಲಿ ಕೂತ. "ಗಲ್ಲಕ್ಕೆ ಬ್ಲೇಡು ತಾಗಿದ್ರೆ ಅಲ್ಲಿ ಯಾಕಪ್ಪ ಹುಣ್ಣಾಗುತ್ತೆ? ಬೇರೆ ಏನಾತು, ಹೇಳು."

ಬೇರೆ ಆದದ್ದು ಇಷ್ಟು. ಗೆದ್ದ ದಿನ ತಂಡವೆಲ್ಲ ಬಸ್ಸು ಹತ್ತಿದರೂ ಚಿತ್ತಪ್ಪ ಮಾತ್ರ ನೆಂಟರ ಮನೆಯೆಂದು ಹೇಳಿ ಉಳಿದಿದ್ದ. ಪಂದ್ಯದಲ್ಲಿ ಪರಿಚಯವಾದ ಬೇರೆ ಊರಿನ ಆಟಗಾರನೊಬ್ಬ ಅವನನ್ನು ಹೆದ್ದಾರಿ ಪಕ್ಕದ ಒಂದು ಊರಿಗೆ, ಒಬ್ಬ ಹೆಂಗಸಿನ ಮನೆಗೆ ಕರೆದುಕೊಂಡು ಹೋಗಿದ್ದ.

"ಅದು ಹೇಳಲಿಲ್ಲವಲ್ಲ ನೀನು."

"ಅದ್ರಿಂದ ಏನೂ ಆಗಿರಾಕಿಲ್ಲ ಅಣ್ಣ. ಆಯಮ್ಮ ನೋಡಾಕೆ ಮನೆ ಹೆಂಗಸಿನಂಗೆ ಇದ್ಲು. ಮೈಕೈ ತುಂಬ್ಕಂಡು ಚೆಂದಾಗಿದ್ಲು. ಮನೆ ಎಷ್ಟು ಸಾಫ್ ಇತ್ತು ಗೊತ್ತಾ? ಆ ಜಗಳೂರಿನ ಬ್ಲೇಡೇ ತುಕ್ಕು ಹಿಡಿದಿತ್ತು."

ರೇವಣ್ಣನಿಗೆ ನಗು ಬಂತು, ಮರುಕವೂ ಬಂತು. ಇಪ್ಪತ್ತೆರಡರ ಆ ಹುಡುಗ ಪೇಪರು ಓದಿದ್ದ, ಸೂಜಿಗೆ ಹೆದರಿದ್ದ, ಸೊಳ್ಳೆಗೆ ಹೆದರಿದ್ದ, ಅಮೀರ್‌ಜಾನ್ ಕೂತಿದ್ದ ಕುರ್ಚಿಗೂ ಹೆದರಿದ್ದ. ಹೆದರಬೇಕಾದ ಕಡೆ ಮಾತ್ರ ಚೆಂದ ಕಂಡು ಧೈರ್ಯ ತಂದುಕೊಂಡಿದ್ದ. ತಾನು ಅಂದು ನಾಚಿಕೊಂಡು ಬಾಯಿ ಮುಚ್ಚದೆ ಇದ್ದಿದ್ದರೆ ಇಂದು ಇವನು ಇಲ್ಲಿ ಕೂರಬೇಕಿರಲಿಲ್ಲವೇನೋ ಎಂದು ಅನಿಸಿತು. "ಏಳು, ಹೋಗಣ" ಎಂದ.

"ಎಲ್ಲಿಗೆ?"

"ಸಿಸ್ಟರಮ್ಮನ ಹತ್ರ."

"ಬೇಡಣ್ಣ, ಊರಿಗೆಲ್ಲ ಗೊತ್ತಾಗುತ್ತೆ" ಎಂದ ಚಿತ್ತಪ್ಪ. ತಾನು ಈ ಮಾತನ್ನು ಯಾರ ಎದುರಿಗೆ ಹೇಳುತ್ತಿದ್ದೇನೆ ಎಂದು ಹೊಳೆದು ಅವನ ಮುಖ ಇನ್ನಷ್ಟು ಬಿಳಿಚಿತು.

"ನನ್ನಿಂದ ಗೊತ್ತಾಗಲ್ಲ" ಎಂದ ರೇವಣ್ಣ. ಅದನ್ನು ಚಿತ್ತಪ್ಪ ನಂಬಲಿಲ್ಲ. ಹೇಳಿದ ರೇವಣ್ಣನಿಗೂ ಪೂರ್ತಿ ನಂಬಿಕೆ ಇರಲಿಲ್ಲ.

ಶಾಂತಾದೇವಿ ಸಿಸ್ಟರ್ ಬೈಯಲಿಲ್ಲ, ಮೂಗು ಮುರಿಯಲಿಲ್ಲ. ಚಿತ್ತಪ್ಪನನ್ನು ಚನ್ನಗಿರಿಯ ಡಾಕ್ಟರರ ಹತ್ತಿರ ತಾವೇ ಕರೆದುಕೊಂಡು ಹೋದರು. ಡಾಕ್ಟರು ನೋಡಿ, ರಕ್ತ ಪರೀಕ್ಷೆ ಮಾಡಿಸಿ, ಇದು ಹಳೆಯ ಕಾಲದಿಂದಲೂ ಜನರಿಗೆ ಬರುವ ಗುಹ್ಯರೋಗ, ಇಂಜೆಕ್ಷನ್ನಿಗೆ ಬಗ್ಗುತ್ತದೆ ಎಂದರು. ಏಡ್ಸ್ ಪರೀಕ್ಷೆ ಈ ಕಡೆ ಎಲ್ಲೂ ಇಲ್ಲ, ಬೆಂಗಳೂರಿಗೇ ಹೋಗಬೇಕು. ಅದೂ ಈಗಲೇ ಹೋದರೆ ಪ್ರಯೋಜನವಿಲ್ಲ, ಕೆಲವು ತಿಂಗಳು ಬಿಟ್ಟು ಹೋದರೆ ಸರಿಯಾಗಿ ಗೊತ್ತಾಗುತ್ತದೆ ಎಂದೂ ಹೇಳಿದರು.

ಆ ಇಂಜೆಕ್ಷನ್ನುಗಳು ಸಾಮಾನ್ಯದವಲ್ಲ. ಸೊಂಟದ ಕೆಳಗೆ ಹಾಕಿಸಿಕೊಂಡ ಚಿತ್ತಪ್ಪ ವಾಪಸು ಬರುವಾಗ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದ. ಮೈದಾನದಲ್ಲಿ ಅವನು ನೆಗೆಯುವುದನ್ನು ಬಿಟ್ಟದ್ದು ನೋಡಿ ಊರಿಗೆ ಕುತೂಹಲವೆದ್ದಿತು. ಕುತೂಹಲ ಎದ್ದಾಗ ಊರು ಹೋಗುತ್ತಿದ್ದುದು ರೇವಣ್ಣನ ಹತ್ತಿರವೇ.

"ಚಿತ್ತಪ್ಪಗೆ ಏನಾಗೈತೋ ರೇವಣ್ಣ?" ಎಂದರು ವಿರೂಪಾಕ್ಷಪ್ಪನವರು, ಕುರ್ಚಿಯಲ್ಲಿ ಕೂತು ಕಿವಿ ಅಣಿ ಮಾಡಿಕೊಂಡು.

"ಸೊಂಟ ಉಳುಕೈತಂತೆ ಗೌಡ್ರೆ." ಅಷ್ಟು ಹೇಳಿ ರೇವಣ್ಣ ಅಡಿಕೆ ಧಾರಣೆಯ ಮಾತಿಗೆ ಹಾರಿದ. ಅಲ್ಲಿಂದ ಭದ್ರಾವತಿ ರೇಡಿಯೋಗೆ, ಅಲ್ಲಿಂದ ಸೂಳೆಕೆರೆಯ ಮೀನಿಗೆ. ಆ ದಿನಗಳಲ್ಲಿ ಅವನು ಮೊದಲಿಗಿಂತ ಹೆಚ್ಚು ಮಾತಾಡಿದ. ಹೇಳಬಾರದ ಮಾತು ನಾಲಿಗೆಯ ತುದಿಗೆ ಬಂದಾಗಲೆಲ್ಲ ಅದರ ಮೇಲೆ ಬೇರೆ ಹತ್ತು ಮಾತು ಹೇರಿ ಒಳಗೆ ತಳ್ಳುತ್ತಿದ್ದ. ಮನೆಯಲ್ಲಿ ಊಟ ಸೇರದಾಯಿತು. ರುದ್ರಾಣಿ ಗಂಡನನ್ನು ಎರಡು ದಿನ ನೋಡಿದಳು.

"ಏನೋ ಐತೆ ನಿಮ್ಮ ಹತ್ರ."

"ಐತೆ. ಕೇಳಬೇಡ."

ಮದುವೆಯಾದ ಮೇಲೆ ಆ ಮಾತನ್ನು ಗಂಡನ ಬಾಯಿಂದ ಅವಳು ಕೇಳಿದ್ದು ಅದೇ ಮೊದಲು. ಬೆರಗಾಗಿ ಇನ್ನೊಂದು ರೊಟ್ಟಿ ಹಾಕಿದಳು. ಅದೇಕೋ ಆ ರೊಟ್ಟಿ ಅವನಿಗೆ ರುಚಿಸಿತು.

ಹುಣ್ಣು ವಾಸಿಯಾಯಿತು, ಸಂಕ್ರಾಂತಿಯೂ ಕಳೆಯಿತು. ಬೆಂಗಳೂರಿಗೆ ಹೋಗುವ ಹೊತ್ತು ಬಂತು. ಚಿತ್ತಪ್ಪ ಆ ಊರನ್ನು ಕಂಡವನಲ್ಲ. ಮನೆಯಲ್ಲಿ ಏನೆಂದು ಹೇಳಿ ಹೊರಡಬೇಕು, ಆ ದೊಡ್ಡ ಆಸ್ಪತ್ರೆ ಎಲ್ಲಿ ಹುಡುಕಬೇಕು, ಒಂದೂ ಗೊತ್ತಿಲ್ಲ. ಅದೇ ವಾರ ಅಮೀರ್‌ಜಾನನ ಲಾರಿ ಬೆಂಗಳೂರಿಗೆ ಹೊರಟಿತ್ತು. ಕಾಮಾಲೆಯಿಂದ ಚೇತರಿಸಿಕೊಂಡು ಅವನು ಮತ್ತೆ ದುಂಡಗಾಗಿದ್ದ. ಚಿತ್ತಪ್ಪ ಎರಡು ಸಲ ಲಾರಿಯ ಸುತ್ತ ಸುತ್ತಿ, ಮೂರನೆಯ ಸಲಕ್ಕೆ ಕ್ಯಾಬಿನ್ನಿನ ಕೆಳಗೆ ನಿಂತ.

"ಅಮೀರಣ್ಣ, ನಾನೂ ಬರ್ತೀನಿ. ಆಸ್ಪತ್ರೆಯಾಗೆ ಸ್ವಲ್ಪ ಕೆಲ್ಸ ಐತೆ."

ಅಮೀರ್‌ಜಾನ್ ಅವನ ಮುಖ ನೋಡಿದ. ಹೋಟೆಲಿನ ಕಟ್ಟೆಯ ಮೇಲೆ ಕೂತು ಪಿಸುಗುಟ್ಟಿದ್ದವರಲ್ಲಿ ಇವನೂ ಒಬ್ಬ ಎಂಬುದು ಅವನಿಗೆ ಗೊತ್ತಿತ್ತು. ಬೇಕಿದ್ದರೆ ಏನು ಕೆಲಸ ಎಂದು ಕೇಳಬಹುದಿತ್ತು. "ಹತ್ತು. ಕಿಟಕಿ ಹತ್ರ ಕೂತ್ಕ, ಗಾಳಿ ಬರ್ತೈತೆ" ಎಂದ. ದಾರಿಯುದ್ದಕ್ಕೂ ವಾಲಿಬಾಲಿನ ಮಾತಾಡಿದ. ಆಸ್ಪತ್ರೆಯ ಬಾಗಿಲ ತನಕ ತಾನೇ ಕರೆದುಕೊಂಡು ಹೋಗಿ ಹೊರಗೆ ಬೀಡಿ ಸೇದುತ್ತ ನಿಂತ. ವರದಿ ಪಡೆಯಲು ಮತ್ತೊಂದು ಟ್ರಿಪ್ಪಿನಲ್ಲಿ ಹೋಗಬೇಕಾಯಿತು. ಆಗಲೂ ಹಾಗೆಯೇ ನಿಂತಿದ್ದ.

ರೋಗವಿರಲಿಲ್ಲ. ಹೊರಗೆ ಬಂದ ಚಿತ್ತಪ್ಪ ಅಮೀರ್‌ಜಾನನನ್ನು ತಬ್ಬಿಕೊಂಡು ಅತ್ತುಬಿಟ್ಟ. ದಾರಿಯಲ್ಲಿ, ತುಮಕೂರು ದಾಟುವ ಹೊತ್ತಿಗೆ ಕೇಳದೆಯೇ ಎಲ್ಲ ಹೇಳಿದ. ಅಮೀರ್‌ಜಾನ್ ಗೇರು ಬದಲಿಸುತ್ತ, "ನಮ್ ಲೈನಿನಾಗೆ ಹಳೇ ಡ್ರೈವರ್‌ಗಳು ಹೊಸಬರಿಗೆ ಹೇಳೋದು ಒಂದೇ. ನಿರೋಧ್ ಇಲ್ಲದೆ ಹೋಗಬೇಡ, ಹೋಗದೇ ಇದ್ರೆ ಇನ್ನೂ ಒಳ್ಳೇದು" ಎಂದ. "ನಿನ್ ಪಿ.ಯು.ಸಿ.ಯಾಗೆ ಇದನ್ನ ಹೇಳಿಕೊಡಲಿಲ್ವಾ?"

"ಆ ಪಾಠ ಬಂದಾಗ ಮೇಷ್ಟ್ರು ಪುಟ ತಿರುಗಿಸಿದ್ರು" ಎಂದ ಚಿತ್ತಪ್ಪ. ಇಬ್ಬರೂ ನಕ್ಕರು.

ಆ ಬೇಸಿಗೆಯಲ್ಲಿ ಶಾಂತಾದೇವಿ ಸಿಸ್ಟರ್ ಒಂದು ಸಂಜೆ ಆಟ ಮುಗಿದ ಮೇಲೆ ವಾಲಿಬಾಲ್ ಮೈದಾನಕ್ಕೆ ಬಂದರು. ಕರೆಸಿದವನು ರೇವಣ್ಣ. ಹುಡುಗರು ಚೆಂಡು ಕಾಲಿನ ನಡುವೆ ಇಟ್ಟುಕೊಂಡು ತಲೆ ತಗ್ಗಿಸಿ ಕೂತರು. ಸಿಸ್ಟರ್ ಹೇಳಬೇಕಾದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿ, ಏನಾದರೂ ಕೇಳುವುದಿದ್ದರೆ ಕೇಳಿ ಎಂದರು. ಹುಡುಗರು ಒಬ್ಬರನ್ನೊಬ್ಬರು ಮೊಣಕೈಯಿಂದ ತಿವಿದರು. ಕೊನೆಗೆ ಚಿತ್ತಪ್ಪ ಎದ್ದು ನಿಂತ.

"ಸಿಸ್ಟರ್, ನೋಡಾಕೆ ಚೆಂದಾಗಿರೋರಿಗೂ, ಆರೋಗ್ಯವಾಗಿರೋರಿಗೂ ಇದು ಇರಬಹುದಾ?"

"ಇರಬಹುದು ಕಣಪ್ಪ."

"ಎಲ್ರೂ ಕೇಳಿಸ್ಕಳ್ರಪ್ಪ" ಎಂದು ಹೇಳಿ ಕೂತ. ಅಷ್ಟಾದ ಮೇಲೆ ಪ್ರಶ್ನೆಗಳು ಕಟ್ಟೆಯೊಡೆದ ಹಾಗೆ ಬಂದವು. ಸೊಳ್ಳೆಯದು, ಕೆರೆಯ ನೀರಿನದು, ಮದುವೆಯದು. ಒಬ್ಬ ಕೇಳಿದ ಪ್ರಶ್ನೆಗೆ ಸಿಸ್ಟರೇ ನಾಚಿ ನಕ್ಕು, ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದರು.

ಮುಂದಿನ ವಾರ ಅವರು ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಗುರುತಿದ್ದ ನಿರೋಧ್ ಪೊಟ್ಟಣಗಳ ಪೆಟ್ಟಿಗೆಯೊಂದನ್ನು ಸಲೂನಿನಲ್ಲಿಟ್ಟರು. ರೇವಣ್ಣ ಮೊದಲು ಅದನ್ನು ಕನ್ನಡಿಯ ಮುಂದೆಯೇ ಇಟ್ಟಿದ್ದ. ಯಾರೂ ಮುಟ್ಟಲಿಲ್ಲ. ರುದ್ರಾಣಿ ಒಂದು ಹಳೆಯ ಸೀರೆಯ ತುಂಡನ್ನು ಪರದೆ ಮಾಡಿಕೊಟ್ಟಳು. ಪೆಟ್ಟಿಗೆ ಪರದೆಯ ಹಿಂದೆ ಹೋಯಿತು. ತಲೆ ತೊಳೆದುಕೊಳ್ಳುವ ನೆಪದಲ್ಲಿ ಒಳಗೆ ಹೋದವರು ಒಣ ತಲೆಯಲ್ಲೇ ಹೊರಗೆ ಬರತೊಡಗಿದರು. ರೇವಣ್ಣ ಕಂಡೂ ಕಾಣದವನಂತೆ ಕತ್ತರಿ ಆಡಿಸುತ್ತಿದ್ದ. ಪೆಟ್ಟಿಗೆ ಖಾಲಿಯಾದಾಗಲೆಲ್ಲ ಸಿಸ್ಟರ್ ಸೈಕಲ್ ಬೆಲ್ ಬಾರಿಸುತ್ತ ಬಂದು ತುಂಬಿಸಿ ಹೋಗುತ್ತಿದ್ದರು.

ಮಳೆಗಾಲ ಶುರುವಾಗುವ ಮುನ್ನ ಅಮೀರ್‌ಜಾನನ ಮದುವೆ ಹೊನ್ನಾಳಿಯ ತಾಜ್‌ಬೀ ಜೊತೆ ನಿಶ್ಚಯವಾಯಿತು. ದಿಬ್ಬಣಕ್ಕೆ ಬೇರೆ ವಾಹನವೇಕೆ, ಅವನದೇ ಲಾರಿ ಇತ್ತಲ್ಲ. ಹಿಂದೆ ವಾಲಿಬಾಲ್ ತಂಡ ಪೂರ್ತಿ ತುಂಬಿಕೊಂಡಿತು. ಮದುಮಗನನ್ನು ಸ್ಟಿಯರಿಂಗ್ ಮುಟ್ಟಲು ಬಿಡದೆ ಅವನ ಗೆಳೆಯನೊಬ್ಬ ಓಡಿಸಿದ. ಅಖ್ತರ್‌ಬೀ, ಅಮೀರ್‌ಜಾನ್, ರೇವಣ್ಣ ಕ್ಯಾಬಿನ್ನಿನಲ್ಲಿ ಕೂತರು. ಬೆಳಿಗ್ಗೆ ಮಾಡಿದ ಕ್ಷೌರ ಹೊನ್ನಾಳಿ ರಸ್ತೆಯ ಕೆಂಪು ಧೂಳಿನಲ್ಲಿ ಮುಚ್ಚಿಹೋಗಿತ್ತು.

ಹೊನ್ನಾಳಿ ಹತ್ತಿರವಾದಾಗ ಅಖ್ತರ್‌ಬೀ ಮಗನ ಮುಖ ತಿರುಗಿಸಿ ನೋಡಿ, "ಈ ಕೆಂಪು ಮುಖ ತಗಂಡು ಬೀಗರ ಬಾಗಿಲಿಗೆ ಹೋಗಾಕಾಗಲ್ಲ, ನಿಲ್ಸಪ್ಪ" ಎಂದರು. ಲಾರಿ ತುಂಗಭದ್ರೆಯ ಸೇತುವೆಯ ಪಕ್ಕ ನಿಂತಿತು. ಚಿತ್ತಪ್ಪ ಹೊಳೆಗಿಳಿದು ಚೊಂಬಿನಲ್ಲಿ ನೀರು ತಂದ. ಮದುಮಗ ಮೈಲಿಗಲ್ಲಿನ ಮೇಲೆ ಕೂತ. ರೇವಣ್ಣ ಚೀಲ ಬಿಚ್ಚಿ ಹೊಸ ಬ್ಲೇಡು ಮುರಿದ. ಹುಡುಗರು ಲಾರಿಯ ಮೇಲಿಂದ, ಅಣ್ಣ, ಬೇಗ, ಊಟ ಆರುತ್ತೆ ಎಂದು ಕೂಗುತ್ತಿದ್ದರು.

"ಆತುರ ಮಾಡಬೇಡ್ರಪ್ಪ" ಎಂದ ರೇವಣ್ಣ, ಅಮೀರ್‌ಜಾನನ ಗಲ್ಲವನ್ನು ಬೆಳಕಿನ ಕಡೆ ಎತ್ತುತ್ತ.